ಹಳದಿ ಬಂಗಲೆ ಮತ್ತು ಆರಿಹೋದ ಚಹಾ

ಪಾ ಕಸ್ಮಿದಿಯವರು ಪುಸ್ತಕ ಓದುವುದನ್ನು ಕಣ್ಣಾರೆ ಕಂಡವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಹಾಗೆಯೇ ಪುಸ್ತಕವಿಲ್ಲದೆ ಅವರನ್ನು ಕಂಡವರೂ ಇಲ್ಲ. ಅಕ್ಕಿ ಗೋದಾಮಿನಲ್ಲಿ ಮೂಟೆ ತೂಗುವ ಕೆಲಸಕ್ಕೆ ಹೊರಟರೆ ಕಂಕುಳಲ್ಲಿ ಪುಸ್ತಕ. ಸಂತೆಯಿಂದ ಬರುವಾಗ ಒಂದು ಕೈಯಲ್ಲಿ ಒಣಮೀನು, ಇನ್ನೊಂದು ಕೈಯಲ್ಲಿ ಪುಸ್ತಕ. ಸಂಜೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಮಹಾಪಂಡಿತರ ಗತ್ತಿನಲ್ಲಿ ಪುಟ ತೆರೆಯುತ್ತಿದ್ದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪುಸ್ತಕ ಮುಖದ ಮೇಲೆ, ಅದರ ಕೆಳಗಿನಿಂದ ಗೊರಕೆ.

“ನಮ್ಮ ಯಜಮಾನ್ರಿಗೆ ಪುಸ್ತಕ ಅಂದ್ರೆ ಪ್ರಾಣ ಕಣ್ರೀ,” ಎಂದು ಅವರ ಹೆಂಡತಿ ಬು ತುಮಿರಾ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದರು. “ಸೊಳ್ಳೆಪರದೆಗಿಂತ ಚೆನ್ನಾಗಿ ಮುಖ ಮುಚ್ಚುತ್ತೆ.”

ಆದರೂ ಕೇರಿಯಲ್ಲಿ ಅವರಿಗೆ ‘ಭಾರಿ ಓದಿದವರು’ ಎಂಬ ಹೆಸರು ಬಂದೇಬಿಟ್ಟಿತ್ತು. ಜಾವಾದ ನಮ್ಮಂಥ ಸಣ್ಣ ಊರಿನಲ್ಲಿ ಸಂಸಾರಸ್ಥ ಗಂಡಸರೆಲ್ಲ ‘ಪಾ’, ಹೆಂಗಸರೆಲ್ಲ ‘ಬು’. ಅದರ ಮೇಲೊಂದು ಬಿರುದು ಪುಕ್ಕಟೆಯಾಗಿ ಬಂದರೆ ಯಾರು ಬೇಡ ಅನ್ನುತ್ತಾರೆ? ಕಸ್ಮಿದಿಯವರೂ ಅನ್ನಲಿಲ್ಲ. ಪಕ್ಕದ ಮನೆಯವನಾದ ನನಗೆ ಗೊರಕೆಯ ಸಾಕ್ಷ್ಯ ದಿನಾ ಸಿಗುತ್ತಿದ್ದರೂ ಬಾಯಿ ಬಿಡಲಿಲ್ಲ. ನೆರೆಹೊರೆ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಈ ಪುಸ್ತಕಗಳೆಲ್ಲ ಬರುತ್ತಿದ್ದುದು ಬು ವರ್ಸಿನಾ ಅವರ ಬಾಡಿಗೆ ಪುಸ್ತಕದಂಗಡಿಯಿಂದ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಕೇರಿಯ ರಾತ್ರಿ ಗಸ್ತಿನವರು ಕೂರುವ ಕಟ್ಟೆಗೆ ಒತ್ತಿಕೊಂಡು ಒಂದು ತಗಡಿನ ಮಾಡು, ಅದರಡಿ ಎರಡು ಕಪಾಟು, ಒಂದು ಬೆಂಚು. ಗಂಡ ತೀರಿಕೊಂಡ ಮೇಲೆ ಆ ಹೆಂಗಸಿನ ಒಲೆ ಉರಿಯುತ್ತಿದ್ದುದು ಆ ಕಪಾಟುಗಳ ಪುಣ್ಯದಿಂದ. ದಪ್ಪ ಪುಸ್ತಕ ಬಂತೆಂದರೆ ಆಕೆ ಅದರ ಬೆನ್ನಿಗೆ ಚಾಕು ಹಾಕಿ ಐದು ತುಂಡು ಮಾಡಿ, ಒಂದೊಂದಕ್ಕೂ ರಟ್ಟು ಅಂಟಿಸಿ, ಗಾಳದ ದಾರದಲ್ಲಿ ಹೊಲಿದು, ಐದು ಮನೆಗೆ ಬಾಡಿಗೆಗೆ ಬಿಡುತ್ತಿದ್ದರು. ಹೀಗಾಗಿ ಒಂದೇ ಕೊಲೆ ನಮ್ಮ ಕೇರಿಯಲ್ಲಿ ಐದು ಹಂತದಲ್ಲಿ ನಡೆಯುತ್ತಿತ್ತು. ಒಂದು ಮನೆಯಲ್ಲಿ ಜಮೀನ್ದಾರ ಇನ್ನೂ ಬದುಕಿದ್ದು ಮೀನಿನ ಸಾರು ಉಣ್ಣುತ್ತಿದ್ದರೆ, ಎದುರು ಮನೆಯಲ್ಲಿ ಅವನ ಹೆಣ ಸಿಕ್ಕಿರುತ್ತಿತ್ತು, ಮೂಲೆಮನೆಯಲ್ಲಿ ಪೊಲೀಸರು ಅವನ ಅಳಿಯನ ಕೈಗೆ ಬೇಡಿ ಹಾಕಿರುತ್ತಿದ್ದರು. ಒಮ್ಮೆ ಸೈಕಲ್ ರಿಪೇರಿಯ ಪಾ ಜಮಾರಿ ಕ್ಷೌರಕ್ಕೆ ಕುಳಿತವನು, “ಆ ಅಡುಗೆಯವಳ ಮೇಲೆ ಅನುಮಾನ ಬೇಡ ಬಿಡಿ, ಪಾಪದೋಳು,” ಎಂದು ಬಾಯಿ ಜಾರಿದ. ಕ್ಷೌರಿಕ ಹಿಂದಿನ ಹಂತದಲ್ಲಿದ್ದವನು. ಅರ್ಧಕ್ಕೇ ಕತ್ತರಿ ಕೆಳಗಿಟ್ಟು, “ಎದ್ದೇಳಿ ಮೇಲೆ,” ಎಂದ. ಜಮಾರಿ ಬಹಳ ದಿನ ನಮಾಜಿನ ಕರಿಟೋಪಿ ತೆಗೆಯದೆ ಓಡಾಡಿದ. ಕೇರಿಯವರು ಅವನಿಗೆ ದೈವಭಕ್ತಿ ಹೆಚ್ಚಾಗಿದೆ ಅಂದುಕೊಂಡರು.

ಇಂಥ ಸುಖದ ಕೇರಿಗೆ ಒಂದು ಬೆಳಿಗ್ಗೆ ಲೂರಾ ಅಳತೆಯ ಟೇಪು ಹಿಡಿದು ಬಂದರು. ಲೂರಾ ಅಂದರೆ ಊರಿನ ಮುಖ್ಯಸ್ಥರು. ಮನುಷ್ಯ ಒಳ್ಳೆಯವರೇ, ಆದರೆ ಒಂದು ಕಡೆ ಕೂತವರಲ್ಲ. ಮದುವೆಗೆ ಬಂದರೆ ಅನ್ನ ಬಡಿಸುವ ಮೊದಲೇ ಹೊರಟಿರುತ್ತಿದ್ದರು. ಒಮ್ಮೆ ತಮ್ಮದೇ ಭಾಷಣದ ನಡುವೆ ವೇದಿಕೆ ಇಳಿದು ಹೋದದ್ದೂ ಉಂಟು.

“ಈ ತಗಡು ಇಲ್ಲಿಂದ ಏಳ್ಬೇಕು,” ಎಂದರು ಟೇಪು ಎಳೆಯುತ್ತಾ. “ಇಲ್ಲಿ ಪಿಂಗ್‌ಪಾಂಗ್ ಮೇಜು ಬರುತ್ತೆ. ಪಕ್ಕದೂರಿನ ಲೂರಾ ಹಾಕ್ಸಿದಾನೆ, ಮೇಲಿನ ಸಾಹೇಬ್ರು ಅವನ ಬೆನ್ನು ತಟ್ಟಿದ್ರು. ನಮ್ಮೂರಲ್ಲಿ ಏನಿದೆ ತೋರ್ಸೋಕೆ? ಕೂತ್ಕೊಂಡು ಓದೋ ಸೋಮಾರಿಗಳು!”

ಬು ವರ್ಸಿನಾ ಕೈಯಲ್ಲಿದ್ದ ಗೋಂದಿನ ಡಬ್ಬಿ ಕೆಳಗಿಟ್ಟರು. “ಮೇಜು ಬಂದ್ರೆ ನಾನೇನು ತಿನ್ಲಿ ಪಾ ಲೂರಾ? ಆ ಚೆಂಡು ತಿನ್ಲಾ?”

“ಬೇರೆ ಕಡೆ ಹಾಕ್ಕೊಳಿ ಬು.”

“ಬೇರೆ ಕಡೆ ಅಂದ್ರೆ ಇನ್ನು ಹೊಳೆ ಒಳಗೇನೇ,” ಎಂದು ಆಕೆ ಕಪಾಟಿಗೆ ಅಡ್ಡವಾಗಿ ನಿಂತರು. ನಮಗೆಲ್ಲ ಆಕೆಯ ಪರ ಮಾತಾಡಬೇಕೆನಿಸಿತು. ಆದರೆ ಲೂರಾ ಎದುರು ಮಾತಾಡುವವರು ಯಾರು? ಎಲ್ಲರ ಕಣ್ಣೂ ಹುಡುಕಿ ಹುಡುಕಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟಿದ್ದ ಪಾ ಕಸ್ಮಿದಿಯವರ ಮೇಲೆ ಬಿತ್ತು. ಜಮಾರಿ ಬೆನ್ನಿಗೆ ಕೈಹಾಕಿ ಮುಂದಕ್ಕೆ ತಳ್ಳಿಯೇಬಿಟ್ಟ.

“ನೀವು ಓದಿದೋರು ಪಾ ಕಸ್ಮಿದಿ. ನೀವೇ ಒಂದು ಮಾತು ಹೇಳ್ಬಿಡಿ.”

ಅಲ್ಲಿ ಕಸ್ಮಿದಿಯವರು ಕೈಮುಗಿದು “ಸ್ವಲ್ಪ ದಯೆ ತೋರಿಸಿ” ಅಂದಿದ್ದರೆ ಸಾಕಿತ್ತು. ಆದರೆ ಇಷ್ಟು ಜನ ತಮ್ಮನ್ನೇ ನೋಡುತ್ತಿರುವಾಗ ಅಷ್ಟು ಸಣ್ಣ ಮಾತು ಹೇಗೆ ಆಡುವುದು?

“ಪಾ ಲೂರಾ, ತಾವು ತಪ್ಪು ತಿಳ್ಕೊಂಡಿದೀರಿ,” ಎಂದರು ಕನ್ನಡಕ ಏರಿಸಿ. “ಎಂಥೆಂಥ ಪುಸ್ತಕ ಇದೆ ಪ್ರಪಂಚದಲ್ಲಿ! ಈ ಹೊಸದಾಗಿ ಬಂದಿರೋ ‘ಹಳದಿ ಬಂಗಲೆ’ನೇ ತಗೊಳ್ಳಿ. ಇಷ್ಟು ಕುತೂಹಲದ ಪುಸ್ತಕ ನಾನು ಜನ್ಮದಲ್ಲಿ ಓದಿಲ್ಲ. ಕೇಳ್ತಾ ಕೂತೋನು ಏಳೋಕ್ಕಾಗಲ್ಲ. ಅಂಡು ಕುರ್ಚಿಗೆ ಅಂಟ್ಕೊಂಡ್ಬಿಡುತ್ತೆ!”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅದರ ಎರಡು ಸಾಲು ಓದಿದವರಿಗೆ ಬೆಳಗಿನವರೆಗೆ ಕುರ್ಚಿಯಿಂದ ಏಳಲು ಆಗಿರಲಿಲ್ಲ.

“ಯಾರು, ನಾನಾ? ನನಗೆ ಏಳೋಕ್ಕಾಗಲ್ವಾ?” ಲೂರಾ ಮೀಸೆಯಲ್ಲಿ ನಕ್ಕರು. “ಸರಿ ಹಾಗಾದ್ರೆ. ಭಾನುವಾರ ಮಧ್ಯಾಹ್ನ ನಿಮ್ಮನೆಗೇ ಬರ್ತೀನಿ. ಓದಿ ನೋಡೋಣ. ಪುಸ್ತಕ ಮುಗಿಯೋ ಮುಂಚೆ ನಾನು ಎದ್ರೆ ಸೋಮವಾರ ಈ ತಗಡು ಇಳಿಯುತ್ತೆ. ಏಳ್ಲಿಲ್ವೋ, ಅಂಗಡಿ ಇದ್ದಲ್ಲೇ ಇರ್ಲಿ.”

ಸುದ್ದಿ ಕಸ್ಮಿದಿಯವರಿಗಿಂತ ಮುಂಚೆ ಅವರ ಮನೆ ತಲುಪಿತ್ತು. “ನಿಮ್ಮ ಬಾಯಿಗೆ ಬೆಂಕಿ ಬೀಳ!” ಎಂದು ಬು ತುಮಿರಾ ಸೌಟು ಹಿಡಿದೇ ಬಾಗಿಲಿಗೆ ಬಂದರು. “ಆ ವಿಧವೆ ಹೆಂಗಸಿನ ಅನ್ನ ಪಣಕ್ಕಿಟ್ಟು ಬಂದ್ರಲ್ಲಾ! ಲೂರಾ ಏಳೋದು ಹಾಗಿರ್ಲಿ, ನೀವು ಎಚ್ಚರ ಇರ್ತೀರಾ?”

ಪ್ರಶ್ನೆ ನ್ಯಾಯವಾಗಿತ್ತು. ಅವರು ಶನಿವಾರ ಅಭ್ಯಾಸಕ್ಕೆ ಕುಳಿತರು. ಮೊದಲ ಪುಟದಲ್ಲಿ ಬಂಗಲೆಯ ಗೇಟು ತೆರೆಯಿತು, ಕಸ್ಮಿದಿಯವರ ಕಣ್ಣು ಮುಚ್ಚಿತು. ಕೊನೆಗೆ ಗೋದಾಮಿನ ಹಮಾಲರು ರಾತ್ರಿ ಪಾಳಿಯಲ್ಲಿ ಮಾಡುವ ಉಪಾಯವನ್ನೇ ಹಿಡಿದರು: ಖಾರದ ಸೂಜಿಮೆಣಸನ್ನು ದವಡೆಯಲ್ಲಿಟ್ಟುಕೊಳ್ಳುವುದು. ನಿದ್ದೆ ಬಂತೆನಿಸಿದರೆ ಒಮ್ಮೆ ಅಗಿಯುವುದು.

ಭಾನುವಾರ ಬಂತು. ಕಸ್ಮಿದಿಯವರ ಮುಂದಿನ ಕೋಣೆಯಲ್ಲಿ ಇರುವೆಗೂ ಜಾಗವಿರಲಿಲ್ಲ. ನಡುವಿನ ಕುರ್ಚಿಯಲ್ಲಿ ಲೂರಾ, ಅವರ ಪಕ್ಕ ನಾನು, ಆಮೇಲೆ ಜಮಾರಿ, ಹಿಂದೆ ಚಾಪೆಯ ಮೇಲೆ ಇಡೀ ಕೇರಿ. ಅಡುಗೆಮನೆಯ ಬಾಗಿಲ ಬಳಿ ಬು ವರ್ಸಿನಾ ಹೆಗಲವಸ್ತ್ರದ ತುದಿಯನ್ನು ಹಿಂಡುತ್ತಾ ನಿಂತಿದ್ದರು. ಲೂರಾ ಮಾತ್ರ ಬಹಳ ಆರಾಮಾಗಿದ್ದರು. ಚಪ್ಪಲಿಯನ್ನು ಆಗಲೇ ಬೀದಿಯ ಕಡೆ ಮುಖಮಾಡಿ ಬಿಟ್ಟು ಬಂದಿದ್ದರು. ಅವರ ಲೆಕ್ಕ ನಮಗೆಲ್ಲ ಗೊತ್ತು: ಒಂದು ಗುಟುಕು ಚಹಾ, ಒಂದು ಕರಿದ ಬಾಳೆಹಣ್ಣು, ಆಮೇಲೆ ಟೋಪಿ ಸರಿಮಾಡಿಕೊಂಡು “ಬರ್ತೀನಿ.”

ಬು ತುಮಿರಾ ಚಹಾ ತಂದಿಟ್ಟರು. ಮಲ್ಲಿಗೆಯ ಘಮದ ಚಹಾ, ಲೋಟದ ಮೇಲೆ ತಗಡಿನ ಮುಚ್ಚಳ. ಪಕ್ಕದಲ್ಲಿ ಹೊಂಬಣ್ಣಕ್ಕೆ ಕರಿದ ಬಾಳೆಹಣ್ಣಿನ ರಾಶಿ. ಇಟ್ಟು ಪರದೆಯ ಹಿಂದೆ ಹೋದರು. ಇನ್ನು ಉಳಿದದ್ದು ಮನೆಯ ಯಜಮಾನರ ಒಂದೇ ಮಾತು: “ಮೊಂಗೊ.” ತಗೊಳ್ಳಿ, ದಯಮಾಡಿ, ಸಂಕೋಚ ಬೇಡ, ಎಲ್ಲವೂ ಅದೊಂದರಲ್ಲೇ ಬಂತು. ಯಜಮಾನ ಮೊಂಗೊ ಅನ್ನದೆ ನಮ್ಮಲ್ಲಿ ಯಾರೂ ಲೋಟ ಮುಟ್ಟುವುದಿಲ್ಲ, ಮುಟ್ಟಿದವನು ಹೊಟ್ಟೆಬಾಕ. ಇನ್ನು ಇಟ್ಟ ಚಹಾ ಕುಡಿಯದೆ ಎದ್ದು ಹೋಗುವುದೋ, ಆ ಮನೆಯ ಮುಖಕ್ಕೆ ಉಗಿದಂತೆ. ಅಂಥ ಅಪಚಾರ ಕಳ್ಳನೂ ಮಾಡುವುದಿಲ್ಲ, ಲೂರಾ ಹೇಗೆ ಮಾಡಿಯಾರು?

ಕಸ್ಮಿದಿಯವರು ಲೂರಾ ಮುಖ ನೋಡಿದರು. ಬು ವರ್ಸಿನಾ ಮುಖ ನೋಡಿದರು. ಹೆದರಿಕೆಯಲ್ಲಿ ಮೆಣಸನ್ನು ಆರಂಭದಲ್ಲೇ ಅಗಿದುಬಿಟ್ಟರು. ಕಣ್ಣಿಗೆ ಕತ್ತಲೆ ಬಂತು, ತಲೆಯಲ್ಲಿದ್ದ ಮರ್ಯಾದೆಗಳೆಲ್ಲ ಸುಟ್ಟುಹೋದವು, ಬಾಯಿಂದ ಸೀದಾ ಕಥೆ ಹೊರಬಂತು.

“ಸೆಮಾರಾಂಗಿನ ಗುಡ್ಡದ ಮೇಲೆ ಒಂದು ಹಳದಿ ಬಂಗಲೆ ಇತ್ತು...”

ನಾವು ಕಾದೆವು. ಮೊದಲ ಪುಟ ಮುಗಿಯಲಿ, ಮೊಂಗೊ ಅಂದಾರು. ಮುಗಿಯಿತು. ಅನ್ನಲಿಲ್ಲ. ಬಂಗಲೆಯ ಮುದಿ ಸಾಹುಕಾರ ತನ್ನ ಆಸ್ತಿ ಯಾರಿಗೆಂದು ಹೇಳಲು ನೆಂಟರನ್ನೆಲ್ಲ ಕರೆಸಿದ. ಲೂರಾ ಮೊಣಕಾಲ ಮೇಲೆ ಕೈಯೂರಿ ಏಳುವಂತೆ ಮಾಡಿದರು, ಚಹಾ ಕಡೆ ನೋಡಿದರು, ಮತ್ತೆ ಕುಳಿತರು. ಕಸ್ಮಿದಿಯವರು ಉಸಿರೆಳೆಯಲು ತಲೆಯೆತ್ತಿದಾಗಲೆಲ್ಲ ಇಡೀ ಕೋಣೆಯ ಮುಖ ಅರಳುತ್ತಿತ್ತು. ಅವರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುತ್ತಿದ್ದರು. ನಮ್ಮ ಮುಖ ಬಾಡುತ್ತಿತ್ತು.

“ಏನ್ರೀ ಇದು, ಉಪವಾಸ ವ್ರತಾನಾ?” ಜಮಾರಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಲೂರಾ ಕೆಮ್ಮಿದರು. ಅದು ನೆನಪಿಸುವ ಕೆಮ್ಮು, ನಮ್ಮಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಕಸ್ಮಿದಿಯವರು ಇನ್ನಷ್ಟು ಗಟ್ಟಿಯಾಗಿ ಓದಿದರು. ಪರದೆಯ ಹಿಂದಿನಿಂದ ಬು ತುಮಿರಾ ಹಣೆ ಚಚ್ಚಿಕೊಂಡು, ಕೈಯನ್ನು ಬಾಯಿಯತ್ತ ಎತ್ತಿ ಕುಡಿಯುವ ಸನ್ನೆ ಮಾಡಿದರು. ಆಗ ಕಥೆಯಲ್ಲಿ ಚಿಕ್ಕ ಸೊಸೆ ಹಾಲು ಕುಡಿಯುತ್ತಿದ್ದಳು. ‘ಬರೀ ಓದಿದರೆ ಸಾಲದು, ಅಭಿನಯಿಸಿ ತೋರಿಸು’ ಎಂದು ಹೆಂಡತಿ ಹೇಳುತ್ತಿದ್ದಾಳೆ ಅಂದುಕೊಂಡ ಆ ಮಹಾನುಭಾವರು ಇಲ್ಲದ ಲೋಟವನ್ನು ಎತ್ತಿ ಗಟಗಟ ಕುಡಿದರು. ದವಡೆಯಲ್ಲಿದ್ದ ಮೆಣಸು ಗಂಟಲಿಗೆ ಇಳಿಯಿತು. ಎರಡು ಕೈಯಲ್ಲೂ ಕುತ್ತಿಗೆ ಹಿಡಿದು, ಕಣ್ಣು ಕೆಂಡ ಮಾಡಿಕೊಂಡು, ನೀರಿಲ್ಲದೆ ಒದ್ದಾಡಿದರು.

“ಅಯ್ಯೋ, ಸೊಸೆ ಹೋದ್ಲು!” ಎಂದು ಹಿಂದಿನಿಂದ ಯಾರೋ ಅಜ್ಜಿ ಎದೆ ಬಡಿದುಕೊಂಡರು.

“ಹಾಲಲ್ಲಿ ಹಾಕಿದ್ದು ಯಾರು?” ಎಂದ ಜಮಾರಿ. ಅವನು ಹಸಿವು ಮರೆತದ್ದು ಆಗ.

ಎರಡನೆಯ ತುಂಡು ಮುಗಿದು ಮೂರನೆಯದು ಬಂತು. ಸಾಹುಕಾರ ಊಟದ ಮನೆಯಲ್ಲಿ ನೆಂಟರನ್ನು ಸಾಲಾಗಿ ಕೂರಿಸಿ ಎಲ್ಲರ ಮುಂದೆ ಲೋಟ ಇಡಿಸಿದ. ಕಸ್ಮಿದಿಯವರು ಗಂಭೀರವಾಗಿ ನಮ್ಮತ್ತ ನೋಡಿ, “ಮೊಂಗೊ, ಮೊಂಗೊ,” ಎಂದು ಪುಟ ತಿರುಗಿಸಲು ಒಂದು ಗಳಿಗೆ ನಿಲ್ಲಿಸಿದರು.

ಕೋಣೆಯಲ್ಲಿ ಮಿಂಚು ಹರಿದಂತಾಯಿತು. ಲೂರಾ ಮುಚ್ಚಳ ತೆಗೆದೇಬಿಟ್ಟರು. ನನ್ನ ಕೈ ಬಾಳೆಹಣ್ಣಿನ ಮೇಲಿತ್ತು.

“...ಎಂದನು ಕೊಲೆಗಾರ, ಮನಸ್ಸಿನಲ್ಲೇ. ಏಕೆಂದರೆ ಆ ಲೋಟಗಳಲ್ಲಿ ಒಂದರಲ್ಲಿ ವಿಷವಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.”

ಮುಚ್ಚಳಗಳೆಲ್ಲ ಟಣ್ ಎಂದು ವಾಪಸು ಕೂತವು. ಲೂರಾ ತಮ್ಮ ಲೋಟವನ್ನು ಒಂದು ಬೆರಳಿನಿಂದ ನನ್ನ ಕಡೆ ಸರಿಸಿದರು. ನಾನು ಜಮಾರಿಯ ಕಡೆ ಸರಿಸಿದೆ.

ಅಲ್ಲಿಂದ ಮುಂದೆ ನಮಗೆ ಚಹಾ ಆರಿದ್ದು ತಿಳಿಯಲಿಲ್ಲ, ಬಾಳೆಹಣ್ಣಿಗೆ ನೊಣ ಕೂತದ್ದು ತಿಳಿಯಲಿಲ್ಲ. ಮೊದಮೊದಲು ‘ಇವರು ಯಾವಾಗ ಅನ್ನುತ್ತಾರೆ’ ಎಂದು ಅವರ ಬಾಯಿ ನೋಡುತ್ತಿದ್ದವರು, ಈಗ ‘ಮುಂದೇನು’ ಎಂದು ನೋಡತೊಡಗಿದ್ದೆವು. ಕಸ್ಮಿದಿಯವರ ಕಣ್ಣಲ್ಲಿ ಮೆಣಸಿನ ನೀರು ಧಾರೆಯಾಗಿ ಇಳಿಯುತ್ತಿತ್ತು, ಕಂಠ ಗದ್ಗದವಾಗಿತ್ತು. ಎಂಥ ಹೃದಯವಪ್ಪ ಈ ಮನುಷ್ಯನದು ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನಾಲ್ಕನೆಯ ತುಂಡಿನಲ್ಲಿ ಬಂಗಲೆಯ ದೀಪ ಆರಿತು. ಮಹಡಿಯ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಯಾವತ್ತೂ ಒಂದು ಕಡೆ ಕೂರದ ಲೂರಾ ಕುರ್ಚಿಯ ಅಂಚಿಗೆ ಬಂದು ನನ್ನ ತೊಡೆಯನ್ನು ಹಿಡಿದ ಹಿಡಿತಕ್ಕೆ ಅಲ್ಲಿ ಕಪ್ಪಾಗಿತ್ತು. ಬಾಗಿಲ ಹಿಡಿ ತಿರುಗಿತು. ಬಾಗಿಲು ಮೆಲ್ಲಗೆ ತೆರೆಯತೊಡಗಿತು.

ಆ ಹೊತ್ತಿಗೆ ಸರಿಯಾಗಿ ಬು ತುಮಿರಾ ಪರದೆ ಸರಿಸಿ ಹೊರಗೆ ನುಗ್ಗಿದರು.

“ಮೊಂಗೊ! ಪಾ ಲೂರಾ, ಎಲ್ಲರೂ, ಮೊಂಗೊ! ಕ್ಷಮಿಸ್ಬೇಕು, ನಮ್ಮನೆ ಗಂಡಸಿಗೆ ದೇವರು ಬುದ್ಧಿ ಕೊಡ್ಲಿಲ್ಲ! ಬೇರೆ ಬಿಸಿ ಚಹಾ ತರ್ತೀನಿ...”

“ಒಂಚೂರು ತಡೀರಿ ಬು!” ಲೂರಾ ಗುಡುಗಿದರು. “ಚಹಾ ಹಾಳಾಗ್ಲಿ! ಬಾಗಿಲ ಹಿಂದೆ ಇರೋನು ಯಾರು? ಓದಿ, ಪಾ ಕಸ್ಮಿದಿ!”

ಕಸ್ಮಿದಿಯವರು ಪುಟ ತಿರುಗಿಸಿದರು. ರಟ್ಟು. ನಾಲ್ಕನೆಯ ತುಂಡು ಅಲ್ಲಿಗೆ ಮುಗಿದಿತ್ತು. ಐದನೆಯದಕ್ಕೆಂದು ಪಕ್ಕದ ಸ್ಟೂಲಿನ ಮೇಲೆ ಕೈ ಆಡಿಸಿದರು, ಏನೂ ಸಿಗಲಿಲ್ಲ. ಕುರ್ಚಿಯಡಿ ನೋಡಿದರು, ಬೆಕ್ಕಿತ್ತು. ಜನ್ಮದಲ್ಲಿ ಯಾವ ಪುಸ್ತಕದ ಕೊನೆಯ ತುಂಡೂ ಬೇಕಾಗದಿದ್ದ ಮನುಷ್ಯ, ಅದು ಇದೆಯೋ ಇಲ್ಲವೋ ಎಂದು ನೋಡಿಯೇ ಇರಲಿಲ್ಲ.

“ಬು ವರ್ಸಿನಾ... ಐದನೇದು?”

ಆಕೆ ತಮ್ಮ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತರು. “ಬಾಡಿಗೆಗೆ ಹೋಗಿದೆ. ಬೆಳಿಗ್ಗೇನೇ ವಾಪಸ್ ಬರ್ಬೇಕಿತ್ತು.”

“ಯಾರ ಮನೆಗೆ?” ಎಂದರು ಲೂರಾ.

“ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ.”

“ಈ ಊರಿನ ಲೂರಾ ಕೇಳ್ತಿದೀನಿ ಕಣ್ರೀ ನಾನು!”

“ಅದಕ್ಕೇ ಹೇಳೋ ಹಾಗಿಲ್ಲ.”

“ನಮ್ಮ ಮನೇಗಾ?” ಎಂದು ಲೂರಾ ಸ್ಪ್ರಿಂಗಿನಂತೆ ಎದ್ದು ನಿಂತರು.

“ಎದ್ದುಬಿಟ್ರಲ್ಲಪ್ಪಾ!” ಎಂದು ಜಮಾರಿ ಕಿರುಚಿದ. ಆ ಬಾಯಿಯನ್ನು ಅವತ್ತೇ ಕ್ಷೌರಿಕ ಹೊಲಿದುಬಿಟ್ಟಿದ್ದರೆ ಚೆನ್ನಾಗಿತ್ತು.

ಪುಸ್ತಕ ಮುಗಿದಿರಲಿಲ್ಲ, ಲೂರಾ ಎದ್ದಿದ್ದರು. ಬು ವರ್ಸಿನಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಕಸ್ಮಿದಿಯವರ ಮುಖ ನೋಡಲಾಗುತ್ತಿರಲಿಲ್ಲ. ಲೂರಾ ತಮ್ಮ ಕಾಲುಗಳನ್ನು ತಾವೇ ಒಮ್ಮೆ ಬಗ್ಗಿ ನೋಡಿಕೊಂಡರು.

“ಹೌದಲ್ಲ, ಗೆದ್ದೆ,” ಎಂದರು. ಗೆದ್ದವರ ದನಿ ಮಾತ್ರ ಅದಾಗಿರಲಿಲ್ಲ. “ಇರ್ಲಿ, ಅದು ಆಮೇಲೆ. ಮೊದ್ಲು ಆ ಬಾಗಿಲ ವಿಚಾರ ಇತ್ಯರ್ಥ ಆಗ್ಲಿ. ನಡೀರಿ!”

ಲೂರಾ ಮುಂದೆ, ಕೇರಿ ಹಿಂದೆ. ದಾರಿಯಲ್ಲಿ ಸಿಕ್ಕವರೂ ಏನೆಂದು ಕೇಳದೆ ಸೇರಿಕೊಂಡರು. ಲೂರಾ ಅವರ ಮನೆಯ ಜಗಲಿಯಲ್ಲಿ ಅವರ ಹೆಂಡತಿ, ದೊಡ್ಡ ದೇಹದ ಶಾಂತ ಹೆಂಗಸು, ಕಂಬಕ್ಕೊರಗಿ ಓದುತ್ತಾ ಕೂತಿದ್ದರು. ಮಡಿಲಲ್ಲಿ ಗಾಳದ ದಾರದಲ್ಲಿ ಹೊಲಿದ ರಟ್ಟಿನ ಪುಸ್ತಕ.

“ಏನ್ರೀ ಇಷ್ಟು ದೊಡ್ಡ ಮೆರವಣಿಗೆ?” ಎಂದರು ತಲೆಯೆತ್ತದೆ. “ಯಾರು ಸತ್ತಿದ್ದು?”

“ಸತ್ತಿದ್ದು ಗೊತ್ತು ಕಣೇ, ಸಾಯಿಸಿದ್ದು ಯಾರು ಅಂತ ಗೊತ್ತಾಗ್ಬೇಕು! ಕೊಡು ಇಲ್ಲಿ. ನೀನು ಯಾವತ್ತಿಂದ ಇದನ್ನೆಲ್ಲ ಓದ್ತಿದೀಯ?”

“ನೀವು ಮನೇಲಿ ಕೂರದೆ ಓಡಾಡೋಕೆ ಶುರುಮಾಡ್ದಾಗಿಂದ. ಅಂದ್ರೆ ಮದುವೆ ಆದಾಗಿಂದ.”

ಹಿಂದಿನಿಂದ ಹೆಂಗಸರ ನಗು ಬಂತು. ಲೂರಾ ಟೋಪಿ ಸರಿಮಾಡಿಕೊಂಡರು.

“ಅದಿರ್ಲಿ, ಪಂದ್ಯ ಯಾರು ಗೆದ್ರು?” ಎಂದರು ಆಕೆ.

“ನಾನೇ. ಪುಸ್ತಕ ಮುಗಿಯೋ ಮುಂಚೆ ಎದ್ದೆ.”

“ಭೇಷ್. ನಾಳೆ ಅಂಗಡಿ ಎತ್ತಿಸ್ತೀರಿ ಹಾಗಾದ್ರೆ.” ಆಕೆ ಪುಸ್ತಕ ಮುಚ್ಚಿ ಮೆಲ್ಲಗೆ ಎದ್ದರು. “ಅಂಗಡಿನೇ ಇಲ್ಲದ ಮೇಲೆ ಇದನ್ನ ವಾಪಸ್ ಕೊಡೋದಾದ್ರೂ ಯಾರಿಗೆ? ನನ್ನ ಪೆಟ್ಟಿಗೇಲಿಟ್ಟು ಬೀಗ ಹಾಕ್ಕೋತೀನಿ. ನೀವು ಆಡ್ಕೊಂಡಿರಿ ಮೇಜಿನ ಮೇಲೆ, ಟಕ್ ಟಕ್ ಟಕ್ ಅಂತ.”

“ಏ, ಏ, ನಿಲ್ಲೇ! ಬಾಗಿಲ ಹಿಂದೆ ಯಾರಿದ್ರು, ಅಷ್ಟು ಹೇಳ್ಬಿಟ್ಟು ಹೋಗೇ!”

“ಓದಿ ತಿಳ್ಕೊಳಿ. ಎಲ್ಲಾದ್ರೂ ಸಿಕ್ಕಿದ್ರೆ.”

ಆಕೆ ಹೊಸ್ತಿಲ ಮೇಲೆ ಕಾಲಿಟ್ಟರು. ಲೂರಾ ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ಬು ವರ್ಸಿನಾ ಅವರನ್ನು ನೋಡಿದರು, ಒಮ್ಮೆ ಆಕಾಶ ನೋಡಿದರು. ಆಕಾಶದಲ್ಲಿ ಮೇಲಿನ ಸಾಹೇಬರು ಕಂಡರೋ ಏನೋ, ಅವರತ್ತ ಕೈಯಾಡಿಸಿ ಬಿಟ್ಟರು.

“ಅಂಗಡಿ ಇರ್ಲಿ,” ಎಂದರು.

“ಕೇಳಿಸ್ಲಿಲ್ಲ. ನನಗಲ್ಲ, ಬು ವರ್ಸಿನಾಗೆ.”

“ಅಂಗಡಿ ಇದ್ದಲ್ಲೇ ಇರುತ್ತೇ!” ಎಂದು ಕೂಗಿದ ರಭಸಕ್ಕೆ ಅಂಗಳದ ಕೋಳಿಗಳು ಹಾರಿ ಬೇಲಿಯಾಚೆ ಬಿದ್ದವು.

“ತಗಡು ಹಳೇದಾಗಿ ಸೋರುತ್ತಂತೆ.”

“ಹೊಸ ತಗಡೇ ಹಾಕಿಸ್ತೀನಿ ಮಾರಾಯ್ತಿ! ಇನ್ನೊಂದು ಬೆಂಚೂ ಹಾಕಿಸ್ತೀನಿ! ಕೊಡೇ ತಾಯಿ!”

ಕೇರಿ ಹೋ ಎಂದು ಕೂಗಿತು. ಕ್ಷೌರಿಕ ಜಮಾರಿಯನ್ನೇ ತಬ್ಬಿಕೊಂಡ. ಬು ವರ್ಸಿನಾ ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ, ಎಲ್ಲರೆದುರೇ ಗಟ್ಟಿಯಾಗಿ ಅತ್ತುಬಿಟ್ಟರು. ಬು ತುಮಿರಾ ಅವರ ಬೆನ್ನು ಸವರುತ್ತಾ, ಸಾವಿರ ಸಲ ಬೈದ ಗಂಡನತ್ತ ಹೊಸದಾಗಿ ನೋಡಿದರು. ನನಗೂ ಕಣ್ಣು ತುಂಬಿ ಬಂತು, ಅದರಲ್ಲಿ ನಾಚಿಕೆ ಏನು.

ಲೂರಾ ತಮ್ಮ ಸ್ವಂತ ಕುರ್ಚಿಯನ್ನು ಅಂಗಳದ ನಡುವೆ ಎಳೆದು ತಂದು ಪಾ ಕಸ್ಮಿದಿಯವರನ್ನು ಅದರಲ್ಲಿ ಕೂರಿಸಿ, ಐದನೆಯ ತುಂಡನ್ನು ಎರಡು ಕೈಯಲ್ಲಿ ಕೊಟ್ಟರು. ಆಮೇಲೆ, ನಮ್ಮೂರು ಹುಟ್ಟಿದ ಮೇಲೆ ಮೊದಲ ಬಾರಿಗೆ, ಲೂರಾ ಒಬ್ಬರು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತರು.

“ನಿಧಾನಕ್ಕೆ ಓದಿ ಪಾ ಕಸ್ಮಿದಿ. ಎಷ್ಟು ಸಲ ಓದಿರ್ತೀರೋ ಏನೋ, ನಿಮಗೆ ಎಲ್ಲಾ ಗೊತ್ತು ಅಂತ ನಡುವೆ ಹಾರಿಸ್ಬಿಡ್ಬೇಡಿ,” ಎಂದರು ಕೈಮುಗಿಯುವಂತೆ.

ಕಸ್ಮಿದಿಯವರು ಆ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಾಯಲ್ಲಿ ಮೆಣಸಿರಲಿಲ್ಲ, ಕಣ್ಣಲ್ಲಿ ನಿದ್ದೆಯೂ ಇರಲಿಲ್ಲ. ಆತುರದಲ್ಲಿ ರಟ್ಟು ತೆರೆಯುತ್ತಿದ್ದರು.

“ಸ್ವಲ್ಪ ಸುಮ್ನಿರ್ತೀರಾ ಪಾ ಲೂರಾ!” ಎಂದು ರೇಗಿದರು. “ಬಾಗಿಲ ಹಿಂದೆ ಯಾರಿದಾರೆ ಅಂತ ನನಗೂ ಗೊತ್ತಿಲ್ಲ!”